ಯಂತ್ರ ಕೇಳಿದ ಒಪ್ಪಿಗೆ

ಉಪಗ್ರಹಕ್ಕೆ ಆಯಾ ದಿನದ ಕೆಲಸವನ್ನು ಗೊತ್ತುಪಡಿಸುವುದು ನನ್ನ ವೃತ್ತಿಯಾಗಿತ್ತು. ಯಾವಾಗ ಚಿತ್ರ ತೆಗೆಯಬೇಕು, ಯಾವಾಗ ಬಿಸಿಲಿಗೆ ತಿರುಗಿ ಬ್ಯಾಟರಿ ತುಂಬಿಕೊಳ್ಳಬೇಕು ಎಂಬುದನ್ನು ಮೊದಮೊದಲು ನಾವೇ ಕೂತು ಬರೆಯುತ್ತಿದ್ದೆವು. ಕೊನೆಯ ವರ್ಷಗಳಲ್ಲಿ ತಂತ್ರಾಂಶ ಬರೆಯುತ್ತಿತ್ತು, ನಾನು ಒಪ್ಪಿಗೆ ಕೊಡುತ್ತಿದ್ದೆ. ಒಪ್ಪಿಗೆಗೆ ಮುನ್ನ ಪ್ರತಿಯೊಂದು ಆದೇಶವನ್ನೂ ಗಟ್ಟಿಯಾಗಿ ಓದುವುದು, ಎದುರಿಗಿದ್ದವರು ಅದನ್ನು ತಿರುಗಿ ಹೇಳುವುದು ನಮ್ಮ ಕೋಣೆಯ ಪದ್ಧತಿ. ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಂದಿನ ಯೋಜನೆ ನನ್ನ ಒಪ್ಪಿಗೆಯಿಲ್ಲದೆಯೇ ಮೇಲೆ ಉಪಗ್ರಹಕ್ಕೆ ಹೋಗಿಯಾಗಿತ್ತು.

"ಇನ್ಮೇಲೆ ಅದೇ ನಿರ್ಧಾರ ಮಾಡತ್ತೆ ಮೇಡಂ. ನಿಮಗೆ ಯಾರೂ ಹೇಳ್ಲಿಲ್ವಾ?" ಎಂದರು ಮುಖ್ಯಸ್ಥರು. ಬಾಳೆಹಣ್ಣು ಸುಲಿಯುತ್ತಿದ್ದವರು ಅದನ್ನೂ ನಿಲ್ಲಿಸಲಿಲ್ಲ.

ಈಗ ವಿದೇಶದಲ್ಲಿ, ರಿಕ್ಕರ್ಟನ್ ಎಂಬ ಬಡಾವಣೆಯಲ್ಲಿ, ಮಗಳ ಮನೆಯಲ್ಲಿದ್ದೇನೆ. ಅಳಿಯ ನನ್ನನ್ನು ಪರಿಚಯಿಸುವಾಗ, "ಅತ್ತೆ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ರು" ಎನ್ನುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ, ಆ ಬೆಳಿಗ್ಗೆಯನ್ನು ಮರೆಯುವುದು ನನ್ನಿಂದಾಗದು. ನನಗೆ ಬೇಕಾಗಿದ್ದುದು ಇಷ್ಟೇ: ಯಾವುದಾದರೊಂದು ಯಂತ್ರ ಹೊರಡುವ ಮುನ್ನ ನಿಂತು, ಹೀಗೆ ಮಾಡಲೇ ಎಂದು ಇನ್ನೊಮ್ಮೆ ನನ್ನನ್ನು ಕೇಳಬೇಕು.

ಕಳೆದ ಸೇಬಿನ ಕೊಯ್ಲಿನ ಸಮಯದಲ್ಲಿ ಇದೇ ದೇಶದ ನೆಲ್ಸನ್ ಎಂಬ ಊರಿಗೆ ಹೋಗಿದ್ದೆ. ತನ್ನ ಓದಿನ ಕಾಲದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗಿ ಈಗ ಅಲ್ಲಿನ ತೋಟವೊಂದರಲ್ಲಿ ರೋಬಾಟ್‌ಗಳ ತಂತ್ರಾಂಶ ನೋಡಿಕೊಳ್ಳುತ್ತಾಳೆ. ಸೇಬಿನ ಪೆಟ್ಟಿಗೆ ಹೊರುವ ರೋಬಾಟ್ ಒಂದು ಮರಗಳ ಸಾಲಿನ ತುದಿಯಲ್ಲಿ ನಿಂತಿತ್ತು. ಅವಳು ಟ್ಯಾಬ್ಲೆಟ್ ನನ್ನ ಕೈಗಿಟ್ಟಳು.

"ಮೂರು ಪ್ಲ್ಯಾನ್ ಕೊಟ್ಟದ ನೋಡ್ರಿ ಆಂಟಿ. ಯಾವುದು ಛಲೋ ಅನಸ್ತದ, ನೀವ ಒತ್ರಿ."

"ನಾನಾ?"

"ಮತ್ತ? ಉಪಗ್ರಹಾನ ಓಡಿಸಿದವರು, ಇದೇನ್ ದೊಡ್ಡದ್ರಿ?"

ಕನ್ನಡಕ ಹಾಕಿಕೊಂಡೆ. "ತುಂಬಿದ ಪೆಟ್ಟಿಗೆ ಶೆಡ್ಡಿಗೆ, ಬರುವಾಗ ಖಾಲಿ ಪೆಟ್ಟಿಗೆ, ಆಮೇಲೆ ಚಾರ್ಜ್" ಎಂದು ಮೊದಲನೆಯದನ್ನು ಓದಿ, "ಹೇಳು" ಎಂದೆ.

"ಏನ್ ಹೇಳ್ಲಿರಿ?"

"ನಾನು ಓದಿದ್ದನ್ನ ತಿರುಗಿ ಹೇಳ್ಬೇಕಮ್ಮ."

ನಗುತ್ತಲೇ ಹೇಳಿದಳು. ಎರಡನೆಯದರ ನಡುವಿನಲ್ಲಿದ್ದೆ, ಪರದೆ ಹಸಿರಾಯಿತು, ರೋಬಾಟ್ ಹೊರಟೇಹೋಯಿತು.

"ಹೋತ್ರಿ ಅದು. ಯಾರೂ ಒತ್ತಲಿಲ್ಲಂದ್ರ ಸ್ವಲ್ಪ ಕಾದು, ತಾನ ಒಂದನೇದು ಆರಿಸ್ಕೊಂಡು ಹೋಗ್ತದ."

"ನಾನಿನ್ನೂ ಓದ್ತಾ ಇದ್ದೆ."

"ನೀವು ಓದೂದು ಅದಕ್ಕೇನ್ ಗೊತ್ತಾಗ್ತದ್ರಿ?"

ನನ್ನ ಒಪ್ಪಿಗೆಗೆ ಕಾಯದೆ ಯಂತ್ರ ಹೊರಟದ್ದು ಇದು ಎರಡನೆಯ ಬಾರಿ, ಅದೂ ಈ ಸಲ ನನ್ನ ಕಣ್ಣೆದುರೇ. ಟ್ಯಾಬ್ಲೆಟ್ ಹಿಂದಿರುಗಿಸಿದೆ. ಹುಡುಗಿ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಪರದೆಯ ಮೇಲೆ ಏನನ್ನೋ ಬದಲಿಸಿದಳು.

"ಇನ್ನ ನೀವು ಹೂಂ ಅನ್ನೂತನಕ ಕದಲೂದಿಲ್ಲ. ಕೊಯ್ಯೋರು ಬೈದ್ರ ಮಾತ್ರ ನೀವ ಬೈಸ್ಕೋರಿ."

ರೋಬಾಟ್ ಶೆಡ್ಡಿನಿಂದ ಮರಳಿ ನಮ್ಮೆದುರು ನಿಂತಿತು. ಮತ್ತೆ ಮೂರು ಯೋಜನೆಗಳು. ಏಣಿಯ ಮೇಲಿದ್ದವನೊಬ್ಬ ಖಾಲಿ ಪೆಟ್ಟಿಗೆ ಬೇಕೆಂದು ಕೂಗಿದ. ನಾನು ಓದಿದೆ, ಹುಡುಗಿ ಸಾಲುಸಾಲನ್ನೂ ತಿರುಗಿ ಹೇಳಿದಳು, ಯಂತ್ರ ಕಾಯಿತು. ಯಾವುದನ್ನು ಒತ್ತಬೇಕೆಂಬುದು ಮೊದಲ ಓದಿಗೇ ತಿಳಿದಿತ್ತು. ಮುಗಿಸಲು ಮನಸ್ಸಾಗದೆ ಮೂರನ್ನೂ ಇನ್ನೊಮ್ಮೆ ಮೊದಲಿನಿಂದ ಓದಿದೆ.