ನಾನು ಮುಚ್ಚಿಟ್ಟ ಲಿವರ್ ವರದಿ

ಸುಧಾಕರ, ನಾನು ಸುಳ್ಳು ಹೇಳಿದ್ದೆ. ನಿನಗೆ ನನ್ನ ಲಿವರಿನ ಭಾಗ ಕೊಡಲಾಗದೆ ಹೋದದ್ದು ರಕ್ತದ ಗುಂಪು ಹೊಂದಲಿಲ್ಲವೆಂದಲ್ಲ. ಗುಂಪು ಹೊಂದಿತ್ತು. ನನ್ನ ಲಿವರಿನಲ್ಲೂ ಕೊಬ್ಬು ತುಂಬಿತ್ತು — ನಿನ್ನದನ್ನು ಹಾಳು ಮಾಡಿದ ಅದೇ ಕೊಬ್ಬು.

ಮೂರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ನಮ್ಮ ಅಪ್ಪಯ್ಯ ಕುಡಿದು ಕುಡಿದು, ಕಣ್ಣು ಹಳದಿಯಾಗಿ ಹೋದವರು. ಅಂದಿನಿಂದ ನಾವುಂದ ಊರಿನ ನಮ್ಮ ಮನೆಯಲ್ಲಿ ಲಿವರ್ ಕೆಟ್ಟಿತೆಂದರೆ ಕುಡಿತ ಎಂದೇ ಅರ್ಥ. ನಾನು ಹನಿ ಮುಟ್ಟದವನು, ಅದನ್ನು ಹತ್ತು ಜನರೆದುರು ಹೇಳಿಕೊಳ್ಳುವವನು. ನೀನು ಮೀನಿನ ಲಾರಿ ಓಡಿಸುವವನು. ನಿನ್ನ ಹೊಟ್ಟೆಯಲ್ಲಿ ನೀರು ತುಂಬಿದಾಗ, "ನಾ ಕುಡಿತ್ನಿಲ್ಲ ಅಣ್ಣಯ್ಯ" ಎಂದೆ. ನಾನು ನಂಬದೆ ಲಾರಿಯ ಸೀಟಿನಡಿ ಹುಡುಕಿದೆ. ಸಿಕ್ಕಿದ್ದು ಕಿತ್ತಳೆ ಬಣ್ಣದ ಜ್ಯೂಸಿನ ಬಾಟಲಿಗಳು, ಕ್ರೀಮ್ ಬಿಸ್ಕತ್ತು. ಬಾಟಲಿಯನ್ನು ಮೂಸಿಯೂ ನೋಡಿದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಲಿವರ್ ಪರೀಕ್ಷಿಸಿದ ಮೇಲೆ ಡಾಕ್ಟರು ನನ್ನೊಬ್ಬನನ್ನೇ ಕರೆದು ವರದಿ ಕೊಟ್ಟರು. "ಮೊದಲು ಹೊಸ ಲಿವರ್ ಬೇಕೆಂದು ಬರುತ್ತಿದ್ದವರಲ್ಲಿ ವೈರಸ್ಸಿನ ಕಾಮಾಲೆಯವರು, ಕುಡಿತದವರು ಹೆಚ್ಚು. ಈಗ ಸಕ್ಕರೆ ಕಾಯಿಲೆ, ಬೊಜ್ಜಿನವರೂ ಬರುತ್ತಾರೆ. ನಿಮ್ಮ ತಮ್ಮ ಹೇಳುವುದು ನಿಜ. ನೀವೂ ಅದೇ ದಾರಿಯಲ್ಲಿದ್ದೀರಿ."

ಆ ವರದಿಯನ್ನು ಮಡಚಿ ಜೇಬಿಗಿಟ್ಟೆ. ನನಗೇ ಹೀಗೆ ಎಂದರೆ ಜನ ನಾನೂ ಕುಡಿಯುತ್ತೇನೆ ಎಂದಾರು — ಇಲ್ಲ, ಜನರ ಮಾತಲ್ಲ. ನಾಚಿಕೆ ನನ್ನದು.

ಆಮೇಲೆ ನಿನ್ನ ಅಕ್ಕ ಗಿರಿಜೆ ಕೊಡುತ್ತೇನೆಂದಳು. ನಾವಿಬ್ಬರೂ ಕೊಕ್ಕರ್ಣೆಯ ಅವಳ ಮನೆಗೆ ಹೋದಾಗ ಅವಳ ಗಂಡ ಒಪ್ಪಲಿಲ್ಲ. ಡಾಕ್ಟರ ಮಾತು ಹೇಳಿದ್ದಕ್ಕೆ, "ಲಾರಿ ಓಡ್ಸುವವ ಕುಡಿಯದೆ ಇಪ್ಪುದುಂಟಾ ಭಾವ? ಇನ್ ಮುಟ್ತ್ನಿಲ್ಲ ಅಂತ ದೀಪದ ಎದ್ರ್ ಆಣೆ ಮಾಡ್ಲಿ" ಎಂದ. ಜೇಬಿನ ಕಾಗದ ತೆಗೆದಿದ್ದರೆ ಅವನು ನಂಬುತ್ತಿದ್ದ. ಕುಡಿಯದವನೆಂದು ಊರಿಗೇ ಗೊತ್ತಿದ್ದ ನನ್ನ ಲಿವರೇ ನಿನಗೆ ಸಾಕ್ಷಿಯಾಗಿತ್ತು. ನಾನು ತೆಗೆಯಲಿಲ್ಲ. ನಾನೇ ನಿನ್ನ ಕಡೆ ತಿರುಗಿ, "ಆಣೆ ಮಾಡು" ಎಂದೆ.

"ಮುಟ್ದೇ ಇದ್ದದ್ದನ್ನ ಎಂತ ಬಿಡುದ್ ಅಣ್ಣಯ್ಯ?" ಎಂದೆ ನೀನು. ನನ್ನ ಮುಖ ನೋಡಿದೆ. ಆಮೇಲೆ ಊದಿದ ಕಾಲಿನಲ್ಲಿ ನಿಂತು, ಆಣೆ ಮಾಡಿದೆ. ಭಾವ ಒಪ್ಪಿದ.

ಗಿರಿಜೆ ಮಾತ್ರ ನಗಿಸಲು ನೋಡಿದಳು: "ಅಪ್ಪಯ್ಯನ ಜಾಗದಲ್ಲಿ ನಂಗೆ ಪಾಲ್ ಇಲ್ಲ ಅಂದ್ರಿ. ಕಾಣಿ, ನಾ ನನ್ ಲಿವರನ್ನೇ ಪಾಲ್ ಮಾಡಿ ಕೊಡ್ತೆ." ಮತ್ತೆ ಮೆಲ್ಲಗೆ ನನ್ನೊಬ್ಬನಿಗೆ, "ಕುಡ್ದಿದ್ರೂ ತಮ್ಮನೇ ಅಲ್ದಾ?"

ನೀನು ಉಳಿದೆ. ಅವಳೂ ಚೆನ್ನಾಗಿದ್ದಾಳೆ. ಬೆಳಿಗ್ಗೆ ನಿನ್ನ ಕೆಮ್ಮು ಕೇಳಿದರೂ ನನಗೆ ಸಂತೋಷವಾಗುತ್ತದೆ — ತಮ್ಮ ಇದ್ದಾನೆ ಎಂದು. ಅವಳಿಗೆ ಎಷ್ಟು ಕೃತಜ್ಞನಾಗಿದ್ದರೂ ಸಾಲದು. ನೀನು ಕುಡಿದಿದ್ದೀಯೆಂದು ನಂಬಿಕೊಂಡೇ ಅವಳು ತನ್ನ ದೇಹ ಕೊಯ್ಯಲು ಕೊಟ್ಟಳು. ನೀನು ಕುಡಿದಿಲ್ಲವೆಂದು ತಿಳಿದಿದ್ದ ನಾನು ನಿನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ಮೊನ್ನೆ ಬ್ರಹ್ಮಾವರದ ಮದುವೆಯಲ್ಲಿ ಯಾರೋ, "ಹ್ವಾಯ್ ಸುಧಾಕರ, ಕುಡಿತ ಬಿಟ್ಟದ್ದ್ ಗಟ್ಟಿಯಾ?" ಎಂದರು. ಪಂಕ್ತಿಯೆಲ್ಲ ನಕ್ಕಿತು. ನೀನೂ ನಕ್ಕೆ. ನಾನು ಪಕ್ಕದಲ್ಲೇ ಕೂತು ಅನ್ನ ಕಲಸುತ್ತಿದ್ದೆ.

ಕ್ಷಮಿಸು ಎಂದು ಕೇಳುವುದು ಆಮೇಲೆ. ಈ ಭಾನುವಾರ ಕೊಕ್ಕರ್ಣೆಗೆ ಹೋಗುತ್ತೇನೆ, ನೀನೂ ಜೊತೆಗೆ ಬಾ. ಭಾವ, ಗಿರಿಜೆ ಇಬ್ಬರೆದುರೂ ಹೇಳುತ್ತೇನೆ. ಮೆಟ್ಟಿಲಲ್ಲಿ ನಿಂತೇ ಹೇಳುತ್ತೇನೆ. ಒಳಗೆ ಹೋಗಿ ಚಾ ಕುಡಿದ ಮೇಲೆ ಎಂದುಕೊಂಡರೆ, ನನ್ನಿಂದ ಮತ್ತೆ ಆಗಲಿಕ್ಕಿಲ್ಲ.