ಬೆತ್ಲೆಹೇಮ್ ಅಳೆದು ಬಂದವರು

ನಮ್ಮ ಓನರ್ ಅಂಕಲ್‌ಗೆ ಬಲಗೈ ಹೆಬ್ಬೆರಳಿನಲ್ಲಿ ಉಗುರಿರಲಿಲ್ಲ. ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವ ಕೆಲಸದಲ್ಲಿದ್ದಾಗ ಯಾವುದೋ ಯಂತ್ರ ಅದನ್ನು ಕಿತ್ತುಕೊಂಡಿತ್ತು. ಆ ಬೋಳು ಹೆಬ್ಬೆರಳನ್ನು ಗೋಡೆಗೆ ಒತ್ತಿ ತೇವ ಎಷ್ಟಿದೆ ಅಂತ ಹೇಳುತ್ತಿದ್ದರು, ಮಾವಿನಹಣ್ಣಿಗೆ ಒತ್ತಿ ಇನ್ನೆರಡು ದಿನ ಬೇಕು ಅನ್ನುತ್ತಿದ್ದರು. ಅಂಗಿ ಜೇಬಿನಲ್ಲಿ ಸದಾ ಒಂದು ಮಡಚುವ ಅಡಿಕೋಲು. ಅದರ ತುದಿ ತಾಗಿ ತಾಗಿ ಅವರ ಎಲ್ಲ ಅಂಗಿಗಳ ಜೇಬೂ ಒಂದೇ ಮೂಲೆಯಲ್ಲಿ ಹರಿದಿರುತ್ತಿತ್ತು.

ಗೋವಿಂದರಾಜನಗರದ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ನನಗೆ ಒಳಗೊಳಗೇ ಅಳುಕು. ನಾವು ದಾವಣಗೆರೆ ಕಡೆಯವರು, ಬೆಳಗೆದ್ದು ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಮನೆತನ. ಕೆಳಗಿನ ಮನೆಯ ಬಾಗಿಲ ಮೇಲೆ ಶಿಲುಬೆ. ಮೊದಲೇ ಹೇಳಿಬಿಡುವುದು ವಾಸಿ ಅಂತ ಹೇಳಿದೆ.

"ವಿಭೂತಿನಾದ್ರೂ ಹಚ್ಕೊಳಮ್ಮ, ಗಂಟೆನಾದ್ರೂ ಬಾರಿಸ್ಕೊ. ಗೋಡೆಗೆ ಮೊಳೆ ಹೊಡೆಯೋವಾಗ ಮಾತ್ರ ನನ್ನ ಕರಿ. ನಿಮ್ ಯಜಮಾನ್ರ ಕೈ ನೋಡಿದ್ರೇನೇ ಗೊತ್ತಾಗುತ್ತೆ, ಒಂದ್ ಮೊಳೆಗೆ ನಾಲ್ಕು ತೂತು ಮಾಡೋರು" ಅಂದರು.

ನನ್ನ ಗಂಡನ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿತ್ತು.

ಡಿಸೆಂಬರ್ ಬಂತೆಂದರೆ ಅಂಕಲ್ ಕಾಂಪೌಂಡಿನೊಳಗೆ ಗೋದಲಿ ಕಟ್ಟುತ್ತಿದ್ದರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಟ್ಟು ತೋರಿಸುವುದು. ಕ್ರಿಸ್‌ಮಸ್ ಹಬ್ಬಕ್ಕೆ ಎರಡು ವಾರ ಇರುವಾಗಲೇ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ, ಹಬ್ಬದ ಹೊತ್ತಿಗೆ ಕುರಿಗೊಂಬೆಗಳು ನಿಲ್ಲಲು ಹಸಿರು ಬಯಲು ಸಿದ್ಧ. ಎರಡನೇ ವರ್ಷಕ್ಕೇ ರಾಗಿ ಬಿತ್ತುವ ಕೆಲಸ ನನ್ನ ಪಾಲಿಗೆ ಬಂತು. "ನಿನ್ನ ಕೈಗುಣ ಚೆನ್ನಾಗಿದೆ" ಅಂದರು. ಉಳಿದದ್ದನ್ನು ಯಾರೂ ಮುಟ್ಟುವಂತಿರಲಿಲ್ಲ. ಬೊಂಬಿನ ಕಂಬ, ಹುಲ್ಲಿನ ಸೂರು, ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಪಕ್ಕಾ ಅಳತೆಯ ಗುಡಿಸಲು. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಇದ್ದಿದ್ದು ಹೀಗೇನೇ."

ಜೊತೆಗೆ ಒಂದು ಕತೆಯನ್ನೂ ಹೇಳಿ ನಗಿಸುತ್ತಿದ್ದರು. ಹಿಂದೆ ಅವರು ಚರ್ಚಿನ ಗೋದಲಿ ಸ್ಪರ್ಧೆಗೆ ತೀರ್ಪುಗಾರರಾಗಿದ್ದಾಗ ಕೆಂಗೇರಿಯ ಒಬ್ಬ ಗಾರೆ ಮೇಸ್ತ್ರಿ ಕಲ್ಲು ಪೇರಿಸಿ ಗುಹೆ ಕಟ್ಟಿದ್ದನಂತೆ. "ಏನಪ್ಪಾ, ಹುಲಿ ಬೋನು ಮಾಡಿದೀಯಾ ಅಂದೆ. ಇಡೀ ಚರ್ಚು ನಕ್ಕಿದ್ದೇ ನಕ್ಕಿದ್ದು!"

ಮಾಗಡಿ ರಸ್ತೆಯನ್ನು ಮೆಟ್ರೋಗೆಂದು ಅಗೆಯುತ್ತಿದ್ದ ದಿನಗಳಲ್ಲಿ ಅಂಕಲ್ ಚರ್ಚಿನ ತಂಡದೊಂದಿಗೆ ಯೇಸುವಿನ ನಾಡಿನ ಪುಣ್ಯಕ್ಷೇತ್ರಗಳ ಯಾತ್ರೆಗೆ ಹೊರಟರು. ನಮ್ಮ ರಸ್ತೆಯಿಂದ ವಿಮಾನ ಹತ್ತಿದವರಲ್ಲಿ ಅವರೇ ಮೊದಲಿಗರು. ಎದುರುಮನೆಯವರು ಹಾರ ತಂದರು, ನಾನು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟೆ. ಅಡಿಕೋಲೂ ಜೇಬಿನಲ್ಲೇ ಹೊರಟಿತು. "ಅಲ್ಲೂ ಅಳೀತೀರಾ ಅಂಕಲ್?" ಅಂದರೆ "ಮತ್ತೆ? ಅಷ್ಟು ದೂರ ಸುಮ್ನೆ ಹೋಗ್ತೀನಾ!" ಅಂದರು.

ತಿರುಗಿ ಬಂದಾಗ ವರಾಂಡದ ತುಂಬಾ ಜನ. ಗಲಿಲಾಯದ ಕೆರೆಯಲ್ಲಿ ದೋಣಿ ಹತ್ತಿದ್ದು, ಜೆರುಸಲೇಮಿನ ಗಲ್ಲಿಗಳಲ್ಲಿ ಯೇಸು ಶಿಲುಬೆ ಹೊತ್ತ ಹಾದಿ ನಡೆದದ್ದು, ಎಲ್ಲ ಹೇಳಿದರು. "ಜೋರ್ಡಾನ್ ನದಿ ನಮ್ ವೃಷಭಾವತಿಗಿಂತ ಏನ್ ಮಹಾ ಅಗಲ ಇಲ್ಲ ಕಣ್ರೀ. ಮೂಗು ಮುಚ್ಕೊಳ್ದೆ ನಿಂತ್ಕೊಬೋದು, ಅಷ್ಟೇ." ಆದರೆ ಯೇಸು ಹುಟ್ಟಿದ ಬೆತ್ಲೆಹೇಮಿನ ಸುದ್ದಿ ಕೇಳಿದಾಗ ಮಾತ್ರ "ಅದೂ ಆಯ್ತು" ಎಂದು ಎದ್ದು ಒಳಗೆ ಹೋದರು.

ಡಿಸೆಂಬರ್ ಬಂತು. ರಾಗಿ ಬಿತ್ತುವ ದಿನ ದಾಟಿದರೂ ಕರೆಯಲಿಲ್ಲ. ನಾನೇ ಬಟ್ಟಲಲ್ಲಿ ರಾಗಿ ಹಿಡಿದು ಕೆಳಗಿಳಿದೆ. ಹೋದ ವರ್ಷದ ಗುಡಿಸಲನ್ನು ಮುಂದಿಟ್ಟುಕೊಂಡು ಕೂತಿದ್ದರು.

"ಅದು ಗುಡಿಸಲಲ್ಲ ಕಣಮ್ಮ. ಗುಹೆ" ಅಂದರು. "ಯೇಸು ಹುಟ್ಟಿದ್ ಜಾಗದ ಮೇಲೆ ಕಟ್ಟಿರೋ ಚರ್ಚಿನ ಬಾಗ್ಲೇ ನಾಲ್ಕಡಿ, ಬಗ್ಕೊಂಡೇ ಹೋಗ್ಬೇಕು. ಆಮೇಲೆ ಮೆಟ್ಲಿಳಿದು ನೆಲದಡೀಗೆ. ಗೋಡೆಗೆ ಬಿಟ್ಟಿದ್ದ ಪರದೆ ಸಂದೀಲಿ ಕೈ ಹಾಕಿ ನೋಡ್ದೆ. ಬಂಡೆ." ಆ ಹೆಬ್ಬೆರಳನ್ನೇ ನೋಡಿಕೊಂಡರು. "ಆ ಮೇಸ್ತ್ರಿ ಕಟ್ಟಿದ್ದೇ ಸರಿ. ಎಲ್ಲರ ಮುಂದೆ ನಗಾಡ್ಬಿಟ್ಟೆ. ಅವನು ಆಮೇಲೆ ಗೋದಲಿ ಕಟ್ಟೋದನ್ನೇ ಬಿಟ್ಟ. ಆ ಭಾಗ ನಿಮ್ಗೆ ಯಾರ್ಗೂ ಹೇಳಿರ್ಲಿಲ್ಲ."

"ಎಲ್ರೂ ಗುಡಿಸಲೇ ಮಾಡ್ತಾರಲ್ಲ ಅಂಕಲ್. ಯಾರಿಗ್ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ಲ."

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರೇ ನನ್ನನ್ನು ಕೂಗಿದರು. "ಕೆಂಗೇರಿಗೆ ಹೋಗೋಣ ಬಾ. ಒಬ್ನೇ ಹೋದ್ರೆ ಅರ್ಧ ದಾರೀಲಿ ಇಳಿದು ವಾಪಸ್ ಬಂದ್ಬಿಡ್ತೀನಿ." ಇಬ್ಬರೂ ಬಸ್ ಹತ್ತಿದೆವು. ಬಾಡಿಗೆದಾರರಿಗಾಗಲಿ, ಫಾದರ್‌ಗಾಗಲಿ, ಮನೆಯಲ್ಲಿ ಆಂಟಿಗಾಗಲಿ ಒಮ್ಮೆಯೂ ಸೋತು ಮಾತಾಡಿದವರಲ್ಲ ಅವರು.

ಮೇಸ್ತ್ರಿಯ ಮನೆ ಶೀಟಿನದು. ಅವರು ಮಗಳು ಅಳಿಯನ ಜೊತೆ ಊಟಕ್ಕೆ ಕೂತಿದ್ದರು. ಅಂಕಲ್ ಕುರ್ಚಿ ಬೇಡವೆಂದು ನಿಂತೇ ಹೇಳಿದರು: "ನಿನ್ ಗೋದಲೀನ ಹುಲಿ ಬೋನು ಅಂದಿದ್ದೆ. ಬೆತ್ಲೆಹೇಮ್ ನೋಡ್ಕೊಂಡ್ ಬಂದೆ. ನೀನ್ ಕಟ್ಟಿದ್ದೇ ಸರಿ. ಎಲ್ಲರೆದುರಿಗೆ ಅಂದಿದ್ದೆ, ಅದಕ್ಕೇ ನಿನ್ ಮನೆಯವರೆದುರಿಗೇ ಹೇಳ್ತಿದೀನಿ. ತಪ್ಪಾಯ್ತು."

ಮೇಸ್ತ್ರಿ ತಟ್ಟೆಯಲ್ಲೇ ಕೈ ತೊಳೆದರು. ಈಗ ಹೊರಗೆ ಹೋಗಿ ಅನ್ನುತ್ತಾರೆ ಅಂದುಕೊಂಡೆ.

"ಅದು ಗುಹೆ ಅಂತ ನಂಗೂ ಯಾರೂ ಹೇಳಿರ್ಲಿಲ್ಲ ಸಾರ್" ಅಂದರು ಮೇಸ್ತ್ರಿ. "ನಮ್ಮೂರು ಮಾಗಡಿ ಕಡೆ. ಮಳೆ ಬಂದ್ರೆ ಕುರಿ ಎಲ್ಲ ಬಂಡೆ ಗವಿಗೇ ಹೊಡೀತಿದ್ವಿ. ಕುರಿ ಇರೋ ಜಾಗ ಅಂದ್ರೆ ನಂಗೆ ಅದೇ." ಆಮೇಲೆ ಕೇಳಿದರು: "ಬಾಗ್ಲು ಅಳೆದ್ರಾ?"

"ನಾಲ್ಕಡಿ."

"ಹಂಗಾದ್ರೆ ನಾಲ್ಕು ಇಂಚು ಇಡೋಣ."

ಆ ವರ್ಷ ನಮ್ಮ ಕಾಂಪೌಂಡಿನಲ್ಲಿ ಮೇಸ್ತ್ರಿ ಕಲ್ಲಿನ ಗುಹೆ ಕಟ್ಟಿದರು. ಅಂಕಲ್ ಪಕ್ಕದಲ್ಲಿ ಕೂತು ಕಲ್ಲು ಎತ್ತಿಕೊಟ್ಟರು. ರಾಗಿ ತಡವಾಗಿ ಬಿತ್ತಿದ್ದರಿಂದ ಬೆರಳುದ್ದವೂ ಬಂದಿರಲಿಲ್ಲ. ಆರ್‌ಪಿಸಿ ಲೇಔಟಿನಿಂದ ಪ್ರತಿವರ್ಷ ಬರುತ್ತಿದ್ದವರೊಬ್ಬರು "ಗುಡಿಸಲೇ ಚೆನ್ನಾಗಿತ್ತಲ್ಲ ಸಾರ್" ಎಂದು ಮುಖ ಸಣ್ಣದು ಮಾಡಿದರು. "ಚೆನ್ನಾಗಿತ್ತು. ಆದ್ರೆ ತಪ್ಪಿತ್ತು. ಇದು ಈ ಮೇಸ್ತ್ರಿ ಕಟ್ಟಿರೋದು, ಇವ್ರನ್ನ ಕೇಳಿ" ಎಂದು ಅಂಕಲ್ ಬಂದವರಿಗೆಲ್ಲ ಹೇಳಿದರು, ಒಬ್ಬರನ್ನೂ ಬಿಡದೆ. ಯಾತ್ರೆ ಮಾಡಿಬಂದವರು ಬೇಕಾದಷ್ಟು ಜನ ಇರಬಹುದು. ಬೆತ್ಲೆಹೇಮಿನಿಂದ ಬಂದು ಕೆಂಗೇರಿಗೆ ಬಸ್ ಹತ್ತಿದವರು ನನಗೆ ಗೊತ್ತಿರುವಂತೆ ಇವರೊಬ್ಬರೇ. ಇವರ ಮನೆಯ ಬಾಡಿಗೆದಾರಳು ನಾನು ಎಂದು ಈಗಲೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ.

ಕೆಲವು ವರ್ಷಗಳ ನಂತರ ಒಂದು ನವೆಂಬರಿನಲ್ಲಿ ಅಂಕಲ್ ತೀರಿಕೊಂಡರು. ಡಿಸೆಂಬರಿನಲ್ಲಿ ಯಾರೂ ಕರೆಯದೆಯೇ ನಾನು ರಾಗಿ ಬಿತ್ತಿದೆ. ಯಾರೂ ಕರೆಯದೆಯೇ ಮೇಸ್ತ್ರಿ ಕಲ್ಲು ತಂದರು. ಗುಹೆ ಎದ್ದಿತು. "ಅಳತೆ ನೋಡೋರು ಯಾರು?" ಅಂದರು ಮೇಸ್ತ್ರಿ. ಆಂಟಿ ಒಳಗೆ ಹೋಗಿ ಅಡಿಕೋಲು ತಂದು ನನ್ನ ಕೈಗಿಟ್ಟರು.

ಬಾಗಿಲಿಗೆ ಹಿಡಿದು ನೋಡಿದೆ. ನಾಲ್ಕು ಇಂಚಿಗೆ ಒಂದು ನೂಲಿನಷ್ಟು ಕಡಿಮೆ ಇತ್ತು. ಹೇಳಲೋ ಬೇಡವೋ ಅಂದುಕೊಳ್ಳುತ್ತಲೇ ಹೇಳಿದೆ. ಮೇಸ್ತ್ರಿ ಮೇಲಿನ ಕಲ್ಲನ್ನು ಇಳಿಸಿ, ಮತ್ತೆ ಕಟ್ಟಿದರು.