ಹಳ್ಳದ ಪಾತ್ರ

ಕಚೇರಿಯಲ್ಲಿ ಅವಳನ್ನು ಎಲ್ಲರೂ ‘ಹಳ್ಳದಮ್ಮ’ ಎಂದೇ ಕರೆಯುತ್ತಿದ್ದರು. ಬಡಾವಣೆ ಮಾಡುವ ಮೊದಲು ನೆಲದ ಏರಿಳಿತ, ಮಣ್ಣು, ನೀರು ಹರಿದ ದಾರಿ ನೋಡಿ, ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕೂಡದು ಎಂದು ಹೇಳುವುದು ಅವಳ ಕೆಲಸ. ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಕೇಳುವವರ ಕಿವಿ ಮಾತ್ರ ಸೋತಿರಲಿಲ್ಲ. ಯಾರೂ ಕೇಳುತ್ತಲೇ ಇರಲಿಲ್ಲ.

ಗುಡ್ಡದ ಬುಡದ ಹೊಸ ಬಡಾವಣೆಯ ವರದಿಯಲ್ಲಿ ಅವಳು, ‘ಕೆಳಗಿನ ಸಾಲಿನಲ್ಲಿ ಹಳ್ಳದ ಪಾತ್ರವಿದೆ’ ಎಂದು ಬರೆದಿದ್ದಳು. ಮಾಲೀಕ ಅದನ್ನು ಓದಿ, ಆ ಸಾಲನ್ನೇ ಮೊದಲು ಮಾರಾಟಕ್ಕಿಟ್ಟ. ಮೂಲೆ ಸೈಟು ಹಿಡಿದವರು ಅವಳ ಅಕ್ಕ, ಭಾವ.

“ಪಾತ್ರ ಅಂದ್ರೆ ನಾಟಕದ ಪಾತ್ರದ ಥರ ಅಲ್ವಾ ಮೇಡಂ? ನೆಲ ಸಮ ಮಾಡೋದ್ರಲ್ಲಿ ಹಳ್ಳದ್ದೂ ಪಾತ್ರ ಇದೆ ಅಂದ್ಕೊಂಡೆ,” ಎಂದ ಮಾಲೀಕ.

“ಹಳ್ಳ ಹರಿಯೋ ಜಾಗ ಸಾರ್ ಅದು.”

“ಎಲ್ಲಿ ಹರೀತಿದೆ? ಅದರ ಪಾತ್ರ ಮುಗೀತು, ಬಿಡಿ. ನಿಮ್ಮಕ್ಕ ಒಪ್ಪಿದ್ರೆ ಮೇಲಿನ ಸಾಲಲ್ಲಿ ಬದಲಿ ಕೊಡ್ತೀನಿ.”

ಅಕ್ಕನನ್ನು ಒಪ್ಪಿಸುವುದೇ ಕಷ್ಟ. ಬಾಡಿಗೆ ಮನೆಯ ಮಹಡಿ ಹತ್ತಿ ಇಳಿದು ಮೊಣಕಾಲು ಸವೆದ ಮೇಲೆ ಅವಳಿಗೆ ಸಮತಟ್ಟು ನೆಲದ್ದೇ ಧ್ಯಾನ.

“ಅದು ಸಮ ಇರೋದೇ ಹಳ್ಳ ತಂದು ಹಾಕಿದ ಮಣ್ಣಿಂದ ಅಕ್ಕಾ. ಜೋರು ಮಳೆ ಬಂದ್ರೆ ನೀರು ತನ್ನ ಜಾಗಕ್ಕೇ ಬರುತ್ತೆ.”

ಭಾವ ನಕ್ಕರು. “ನಿಂಗೆ ಎಲ್ಲೆಲ್ಲೂ ನೀರೇ ಕಾಣುತ್ತೆ ಕಣಮ್ಮಾ. ನಮ್ಮ ಮನೆ ನಲ್ಲೀಲಿ ಬಿಟ್ಟು!”

ವಾದಿಸಲು ಅವಳಲ್ಲಿ ತ್ರಾಣವಿರಲಿಲ್ಲ. ಮರುದಿನ ಅಕ್ಕನನ್ನು ಸೈಟಿಗೆ ಕರೆದೊಯ್ದು, ಮಣ್ಣು ಪರೀಕ್ಷೆಗೆ ತೋಡಿದ್ದ ಗುಂಡಿಯ ಪಕ್ಕ ಕೂರಿಸಿದಳು. ಮೇಲೆ ಸುರಿದ ಕೆಂಪು ಮಣ್ಣಿನ ಕೆಳಗೆ ಒದ್ದೆ ಮರಳು, ಮರಳಿನಲ್ಲಿ ದುಂಡು ಕಲ್ಲುಗಳು. ಅಕ್ಕ ಒಂದು ಕಲ್ಲನ್ನು ಸವರಿ ನೋಡಿದಳು.

“ಇಷ್ಟು ನುಣ್ಣಗೆ ಯಾರೇ ಉಜ್ಜಿದ್ದು?”

“ನೀರು.”

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗುಡ್ಡದ ಕಡೆ ನೋಡಿದಳು. “ಮೇಲೆ ಮೆಟ್ಟಿಲು ಜಾಸ್ತೀನಾ?”

“ಜಾಸ್ತೀನೇ.”

“ಕೈ ಕೊಡು.”

ಅರ್ಧ ದಾರಿಯಲ್ಲಿ ಅಕ್ಕ ಉಸ್ಸೆಂದು ಕುಳಿತಳು. “ನಿನ್ನ ವರದೀಲಿ ಹಳ್ಳಕ್ಕೆ ಪಾತ್ರ ಕೊಟ್ಟೆ. ನನ್ನ ಮೊಣಕಾಲಿಗೆ ಯಾವ ಪಾತ್ರನೇ ತಾಯಿ?”

ತಂಗಿ ತಿರುಗಿ ನೋಡಿದಳು. ಕೆಳಗಿನ ಸಾಲಿನಲ್ಲಿ, ಅಕ್ಕನ ಸೈಟಿನ ಪಕ್ಕದಲ್ಲೇ, ಗಂಡ ಹೆಂಡತಿ ಇಬ್ಬರು ಅಡುಗೆಮನೆ ಎಲ್ಲಿ ಬರಬೇಕೆಂದು ಜಗಳವಾಡುತ್ತಿದ್ದರು.

“ಇಲ್ಲೇ ಕೂತಿರು ಅಕ್ಕಾ, ಅವರಿಗೂ ಆ ಗುಂಡಿ ತೋರಿಸಿ ಬರ್ತೀನಿ,” ಎಂದು ಅವಳು ಮತ್ತೆ ಇಳಿಯತೊಡಗಿದಳು.